ವಾಲ್ಟರ್ ಎಲಿಯಟ್ ಸಾಹೇಬರು: ಕನ್ನಡ ಶಾಸನಗಳೂ ಅಮರಾವತಿಯ ಶಿಲೆಗಳೂ



ಗ್ರಂಥವನ್ನು ಪ್ರತಿಮಾಡಿಕೊಳ್ಳುವವನಿಗೂ ಗ್ರಂಥವನ್ನೇ ಒಯ್ಯುವವನಿಗೂ ಇರುವ ಅಂತರವು ಮಠದ ಪಾಠಶಾಲೆಗಳಲ್ಲಿ ಓದಿದವರಿಗೆ ವಿವರಿಸಿ ಹೇಳತಕ್ಕ ವಿಷಯವಲ್ಲ. ತಾಳೆಯೋಲೆಯ ಕಟ್ಟನ್ನು ಬೇಡಿ ಪಡೆದು, ವ್ಯಾಸಪೀಠದ ಮೇಲಿರಿಸಿ, ಸಾಲುಸಾಲಾಗಿ ಬರೆದುಕೊಂಡು, ಮೂಲವನ್ನು ಮೊದಲಿದ್ದ ಗೂಡಿನಲ್ಲಿಯೇ ಇಟ್ಟು ಹೋದವನು ಆ ಗ್ರಂಥಕ್ಕೆ ಆಯುಷ್ಯವನ್ನು ಕೊಟ್ಟವನಾಗುತ್ತಾನೆ. ಕಟ್ಟನ್ನೇ ಕಂಕುಳಲ್ಲಿಟ್ಟುಕೊಂಡು ಹೋದವನ ವಿದ್ವತ್ತು ಎಷ್ಟೇ ದೊಡ್ಡದಾಗಿರಲಿ, ಅವನ ಹೆಸರು ಬಂದಾಗಲೆಲ್ಲ ಬರಿದಾದ ಗೂಡೂ ನೆನಪಿಗೆ ಬರುತ್ತದೆ. ಒಬ್ಬನೇ ಮನುಷ್ಯನು ತನ್ನ ಆಯುಷ್ಯದ ಪೂರ್ವಾರ್ಧದಲ್ಲಿ ಒಂದನ್ನೂ ಉತ್ತರಾರ್ಧದಲ್ಲಿ ಇನ್ನೊಂದನ್ನೂ ಮಾಡಿದ್ದರೆ ಅವನನ್ನು ಹೇಗೆ ಸ್ಮರಿಸಬೇಕು? ಕುಂಪಣಿ ಸರಕಾರದ ಅಧಿಕಾರಿಯಾಗಿದ್ದ ಸರ್ ವಾಲ್ಟರ್ ಎಲಿಯಟ್ ಸಾಹೇಬರ ಚರಿತ್ರೆಯು ಈ ಪ್ರಶ್ನೆಯನ್ನು ಮುಂದಿಡುತ್ತದೆ. ಕರ್ಣಾಟಕದ ಇತಿಹಾಸವನ್ನು ಬರೆದವರಲ್ಲಿ ಕೆಲವರು ಅವರನ್ನು ಉಪಕಾರಿಯೆಂದು ಕೊಂಡಾಡಿದ್ದಾರೆ. ಕಿತ್ತೂರಿನ ಕಥೆಯನ್ನು ಬಲ್ಲವರು ಆ ಹೆಸರನ್ನು ಕೇಳಿ ಸುಮ್ಮನಾಗುತ್ತಾರೆ. ಆಂಧ್ರದೇಶದ ವಿದ್ವಾಂಸರಿಗೆ ಅವರು ಅಮರಾವತಿಯ ಶಿಲೆಗಳಿಗೆ ತಮ್ಮ ಹೆಸರನ್ನು ಅಂಟಿಸಿಹೋದವರು.

ಎಲಿಯಟ್ಟರು ಸ್ಕಾಟ್ಲಂಡಿನ ಎಡಿನ್‌ಬರೊ ನಗರದಲ್ಲಿ 1803ನೆಯ ಇಸವಿ ಜನವರಿ 16ರಂದು ಹುಟ್ಟಿದರು. ಅವರ ಮನೆತನವು ಆ ದೇಶದ ದಕ್ಷಿಣ ಗಡಿಯ ವುಲ್ಫಲೀ ಎಂಬ ಊರಿನ ಭೂಮಾಲಿಕರದು. ಕುಂಪಣಿಯ ನೌಕರರನ್ನು ಸಿದ್ಧಪಡಿಸುತ್ತಿದ್ದ ಹೇಲಿಬರಿ ವಿದ್ಯಾಲಯದಲ್ಲಿ ಓದಿ 1821ರಲ್ಲಿ ಮದರಾಸಿಗೆ ಬಂದರು. ಅಲ್ಲಿ ದೇಶಭಾಷೆಗಳನ್ನು ಕಲಿತರು; ಸೇಲಂ ಜಿಲ್ಲೆಯಲ್ಲಿ ಕೆಲಕಾಲವಿದ್ದು, ತರುವಾಯ ಧಾರವಾಡಕ್ಕೆ ನೇಮಕವಾದರು. ಪೇಶ್ವೆಯವರ ರಾಜ್ಯವು ಬಿದ್ದು ಆಗ್ಗೆ ಐದಾರು ವರುಷಗಳಾಗಿದ್ದವು. ಕನ್ನಡವೇ ಮನೆಮಾತಾದ ಈ ಸೀಮೆಗೆ ಸರಕಾರದ ಕಾಗದಪತ್ರಗಳಲ್ಲಿ ದಕ್ಷಿಣ ಮರಾಠಾ ದೇಶವೆಂಬ ಹೆಸರು ಬಿದ್ದಿತ್ತು. ಧಾರವಾಡದ ಮುಖ್ಯ ಕಲೆಕ್ಟರನೂ ರಾಜಕೀಯ ಪ್ರತಿನಿಧಿಯೂ ಆಗಿದ್ದವನು ಥ್ಯಾಕರೆ. ಎಲಿಯಟ್ಟರು ಅವನ ಕೈಕೆಳಗಿನ ತರುಣ ಸಹಾಯಕರು.

ಮುಂದಿನದನ್ನು ಈ ನಾಡಿನ ಮಕ್ಕಳೂ ಬಲ್ಲರು. 1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ದೇಸಾಯಿ ಶಿವಲಿಂಗರುದ್ರ ಸರ್ಜನು ಮಕ್ಕಳಿಲ್ಲದೆ ಲಿಂಗೈಕ್ಯನಾದನು. ಅವನು ತೆಗೆದುಕೊಂಡ ದತ್ತಕವನ್ನು ಥ್ಯಾಕರೆಯು ಒಪ್ಪಲಿಲ್ಲ. ಸಂಸ್ಥಾನದ ಭಂಡಾರಕ್ಕೆ ಮುದ್ರೆಯೊತ್ತಿಸಿದನು. ತೋಪುಗಳ ದಂಡನ್ನು ಕೋಟೆಯ ಬಾಗಿಲಿಗೆ ತಂದು ನಿಲ್ಲಿಸಿದನು. ಅಕ್ಟೋಬರ 23ರಂದು ಕಿತ್ತೂರಿನವರು ಬಾಗಿಲನ್ನು ತೆರೆದು ಮೇಲೆ ಬಿದ್ದಾಗ ಥ್ಯಾಕರೆಯೂ ಕೆಲವರು ದಂಡಿನ ಅಧಿಕಾರಿಗಳೂ ಮಡಿದರು. ಸ್ಟೀವನ್‌ಸನ್ ಎಂಬ ಇನ್ನೊಬ್ಬ ಸಹಾಯಕನೂ ಎಲಿಯಟ್ಟರೂ ಸೆರೆಸಿಕ್ಕರು. ಎಲಿಯಟ್ಟರಿಗೆ ಆಗ ಇಪ್ಪತ್ತೊಂದು ವರುಷ. ತಮ್ಮ ಮೇಲಧಿಕಾರಿಯು ಸತ್ತುದನ್ನು ಕಂಡು, ಸುಮಾರು ನಲವತ್ತು ದಿನಗಳನ್ನು ಕಿತ್ತೂರಿನವರ ಕೈಯಲ್ಲಿ ಕಳೆದರು. ಆಂಗ್ಲ ಬರಹಗಳು ಇದನ್ನು ಪ್ರಾಣಸಂಕಟದ ಕಾಲವೆಂದು ವರ್ಣಿಸುತ್ತವೆ. ಪ್ರಾಣಸಂಕಟವಿದ್ದುದು ದಿಟ. ಆದರೆ ಸುತ್ತಮುತ್ತ ಕುಂಪಣಿಯ ಪಡೆಗಳು ಕೂಡಿಬರುತ್ತಿದ್ದ ಆ ದಿನಗಳಲ್ಲಿ ಸೆರೆಯಾಳುಗಳ ಪ್ರಾಣಕ್ಕೆ ಹಾನಿಯಾಗಲಿಲ್ಲವೆಂಬುದೂ ಅಷ್ಟೇ ದಿಟ. ಡಿಸೆಂಬರ 2ರಂದು ಇಬ್ಬರನ್ನೂ ಕಿತ್ತೂರಿನವರೇ ಬಿಟ್ಟುಕೊಟ್ಟರು. ಬಂದಿಗಳನ್ನು ಬಿಟ್ಟರೆ ಸಂಸ್ಥಾನವು ಉಳಿಯಬಹುದೆಂಬ ನಂಬುಗೆಯಿಂದ ರಾಣಿಯು ಹಾಗೆ ಮಾಡಿದಳೆಂದು ನಾಡಿನ ಹೇಳಿಕೆ. ಮರುದಿನವೇ ಮುತ್ತಿಗೆಯ ತೋಪುಗಳು ಹಾರಿದವು. 5ನೆಯ ತಾರೀಖಿಗೆ ಕೋಟೆ ಬಿದ್ದಿತು. ರಾಣಿ ಚೆನ್ನಮ್ಮನು ಬೈಲಹೊಂಗಲದ ಕೋಟೆಯಲ್ಲಿ ಬಂಧಿತಳಾಗಿ 1829ರಲ್ಲಿ ಲಿಂಗೈಕ್ಯಳಾದಳು.

ರಾಣಿಯು ಹೊರಗೆ ಬಿಟ್ಟ ತರುಣನು ಕೋಟೆಯಿಂದ ಹೊರಬಿದ್ದ ಮೇಲೆ ಏನು ಮಾಡಿದನು ಎಂಬಲ್ಲಿ ಕಥೆಯು ತಿರುಗುತ್ತದೆ. ಸೇಡಿನ ಮಾತಾಗಲಿ ಕಿತ್ತೂರಿನ ಮೇಲಿನ ಹಗೆಯಾಗಲಿ ಅವರ ಮುಂದಿನ ಕೆಲಸದಲ್ಲಿ ಕಾಣುವದಿಲ್ಲ. 1833ರ ವರೆಗೆ ಅವರು ಈ ಸೀಮೆಯಲ್ಲಿಯೇ ಉಳಿದರು. ಇದನ್ನು ಮುಂಬಯಿ ಸರಕಾರದ ಆಡಳಿತಕ್ಕೆ ಸೇರಿಸಿದ ಮೇಲೆ, ಮದರಾಸಿನ ನೌಕರರಾದ ಅವರು ಹಿಂದಿರುಗಬೇಕಾಗಿದ್ದಿತು. ಮುಂಬಯಿಯವರೇ ಅವರನ್ನು ಇರಿಸಿಕೊಂಡರು. ಆ ವರುಷಗಳಲ್ಲಿ ಕುದುರೆಯ ಮೇಲೆ ಊರೂರು ತಿರುಗುವ ಕಂದಾಯದ ಅಧಿಕಾರಿಯ ಕಣ್ಣಿಗೆ ಬಿದ್ದವು ಗುಡಿಗಳ ಮುಂದೆ, ಕೆರೆಯ ಏರಿಯ ಮೇಲೆ, ಊರಬಾಗಿಲಲ್ಲಿ, ಹೊಲದ ಬದುವಿನಲ್ಲಿ ನಿಂತಿದ್ದ ಬರಹದ ಕಲ್ಲುಗಳು.

ಆ ಕಾಲದಲ್ಲಿ ಆ ಕಲ್ಲುಗಳ ಸ್ಥಿತಿಯನ್ನು ನೆನೆದರೆ ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯದು. ಹಳಗನ್ನಡದ ಲಿಪಿಯನ್ನು ಓದಬಲ್ಲವರು ವಿರಳರಾಗಿದ್ದರು. ಶಾಸನದ ಕಲ್ಲನ್ನು ನಿಧಿಯ ಗುರುತೆಂದು ಕೆಲವರು ಅಗೆದರು. ಕೆಲವರು ದೇವರೆಂದು ಎಣ್ಣೆಯೆರೆದು ಅಕ್ಷರಗಳನ್ನು ಮುಚ್ಚಿದರು. ಕೆಲವು ಕಲ್ಲುಗಳು ಗೋಡೆಗೂ ಮೆಟ್ಟಲಿಗೂ ಬಟ್ಟೆಯೊಗೆಯುವ ಹಾಸಿಗೂ ಹೋದವು. ಹೊಲದ ದತ್ತಿಯನ್ನು ಪಡೆದ ದೇವಾಲಯದವರಿಗೂ ಮಠದವರಿಗೂ ತಮ್ಮ ಬಾಗಿಲ ಮುಂದಿನ ಕಲ್ಲೇ ತಮ್ಮ ಹಕ್ಕಿನ ಪತ್ರವೆಂಬುದು ಮರೆತುಹೋಗಿತ್ತು. ಓಲೆಯ ಕಟ್ಟುಗಳನ್ನು ಗೆದ್ದಲಿಗೆ ಬಿಟ್ಟವರು ಪರದೇಶೀಯರಾಗಿರಲಿಲ್ಲ.

ಎಲಿಯಟ್ಟರು ಪ್ರತಿಕಾರರನ್ನು ನೇಮಿಸಿಕೊಂಡು ಈ ಶಾಸನಗಳನ್ನು ಬರೆಯಿಸತೊಡಗಿದರು. ಧಾರವಾಡ ಸೀಮೆಯಲ್ಲಿ ತೊಡಗಿದ ಕೆಲಸವು ಮೈಸೂರಿನ ಉತ್ತರಭಾಗಕ್ಕೂ ನಿಜಾಮರ ಸೀಮೆಯ ಪಶ್ಚಿಮ ಅಂಚಿಗೂ ಹಬ್ಬಿತು. ಹೀಗೆ ಕೂಡಿದ ಶಾಸನಗಳ ಸಂಖ್ಯೆ 595. ಕರ್ಣಾಟಕ ದೇಶದ ಶಾಸನಗಳೆಂಬ ಹೆಸರಿನ ಈ ಕೈಬರಹದ ಸಂಪುಟಗಳು ಅಚ್ಚಾಗಲಿಲ್ಲ. ಆದರೂ ಪ್ರತಿಗಳು ಲಂಡನ್ನಿನ ರಾಯಲ್ ಏಷ್ಯಾಟಿಕ್ ಸೊಸಾಯಿಟಿಗೂ ಎಡಿನ್‌ಬರೊ ವಿಶ್ವವಿದ್ಯಾಲಯಕ್ಕೂ ಸೇರಿದವು. ಕಲ್ಲುಗಳು ಬಹುಮಟ್ಟಿಗೆ ನಿಂತಲ್ಲಿಯೇ ನಿಂತವು. ಊರಿನವರ ಸ್ವತ್ತು ಊರಿನಲ್ಲಿಯೇ ಉಳಿದು, ಅದರೊಳಗಿನ ಮಾತು ಮಾತ್ರ ಹೊರಗೆ ಹೋಗಿ ನಾಲ್ಕು ಜನರಿಗೆ ತಿಳಿಯುವಂತಾಯಿತು.

ಈ ಕೆಲಸದ ಕಷ್ಟವನ್ನು ಲಿಪಿಯನ್ನು ಬಲ್ಲವರೇ ಅರಿಯಬೇಕು. ಇಂದಿನ ಹಾಗೆ ಕಾಗದವನ್ನು ತೋಯಿಸಿ ಕಲ್ಲಿಗೆ ಬಡಿದು ಮಸಿಯ ಅಚ್ಚನ್ನು ತೆಗೆಯುವ ಕ್ರಮವಾಗಲಿ ಛಾಯಾಚಿತ್ರವಾಗಲಿ ಅವರಿಗೆ ಇರಲಿಲ್ಲ. ಪ್ರತಿಕಾರನು ಕಲ್ಲಿನೆದುರು ಕುಳಿತು ಕಣ್ಣಿಗೆ ಕಂಡುದನ್ನು ಕೈಯಿಂದ ಬರೆಯಬೇಕು. ಹಳೆಯ ಲಿಪಿಯಲ್ಲಿ ಪಕಾರ ವಕಾರಗಳು ಅಣ್ಣತಮ್ಮಂದಿರಂತೆ ಹೋಲುತ್ತವೆ. ಱ ಮತ್ತು ೞ ಎಂಬ ಅಕ್ಷರಗಳು ಆ ಪ್ರತಿಕಾರರ ಕಾಲಕ್ಕೆ ಬಳಕೆಯಲ್ಲಿ ಇಲ್ಲದೆ ಹೋಗಿದ್ದವು. ಮಳೆಗಾಳಿಗೆ ಸವೆದ ಜಾಗದಲ್ಲಿ ವಿದ್ವಾಂಸನಾದ ಪ್ರತಿಕಾರನಿಗೆ ತಾನು ಬಲ್ಲ ಪದವನ್ನು ಕೂಡಿಸುವ ಚಪಲವು ಹುಟ್ಟುತ್ತದೆ. ಅವಿದ್ವಾಂಸನಾದರೆ ಬಿಟ್ಟು ಮುಂದೆ ಹೋಗುತ್ತಾನೆ. ಹೀಗಾಗಿ ಆ ಸಂಪುಟಗಳಲ್ಲಿ ತಪ್ಪುಗಳುಂಟು. ಐವತ್ತು ವರುಷಗಳ ತರುವಾಯ ಇದೇ ಸೀಮೆಯಲ್ಲಿ ಕೆಲಸಮಾಡಿದ ಫ್ಲೀಟ್ ಸಾಹೇಬರು ಆ ತಪ್ಪುಗಳನ್ನು ಎತ್ತಿ ತೋರಿಸಿದರು. ಮೂಲಗಳನ್ನು ಹುಡುಕಿ ತಿದ್ದಿದರು. ಆದರೆ ಮೂಲವು ಕೈಗೆ ಸಿಗದ ಕಡೆಯಲ್ಲಿ ಎಲಿಯಟ್ಟರ ಸಂಗ್ರಹವನ್ನೇ ಆಧಾರವಾಗಿ ಹೇಳಿದ್ದಾರೆ. ತಪ್ಪುಳ್ಳ ಪ್ರತಿಯು ಇಲ್ಲದ ಪ್ರತಿಗಿಂತ ಮೇಲೆಂದು ತಿಳಿಯಲು ಇಷ್ಟು ಸಾಕು.

ಪ್ರತಿಕಾರರು ಯಾರು? ಸಾಹೇಬರ ಹೆಸರು ಪುಸ್ತಕಗಳಲ್ಲಿ ಉಳಿಯಿತು. ಬಿಸಿಲಿನಲ್ಲಿ ಕುಳಿತು ಸಾಲುಗಳನ್ನು ಎಣಿಸಿ ಬರೆದ ಈ ನಾಡಿನ ಪಂಡಿತರ ಹೆಸರುಗಳು ಲೋಕಪ್ರಸಿದ್ಧವಾಗಲಿಲ್ಲ. ಲಿಪಿಕಾರನ ಹೆಸರನ್ನೂ ಕಂಡರಿಸಿದ ಕಲ್ಲುಕುಟಿಗನ ಹೆಸರನ್ನೂ ಶಾಸನದ ಕೊನೆಯಲ್ಲಿ ಕೆತ್ತಿಸುತ್ತಿದ್ದ ದೇಶದಲ್ಲಿ ಇದೊಂದು ಕೊರತೆಯೇ ಸರಿ. ಚಾಲುಕ್ಯರ ಅರಸನು ಮಾಡಿದ ಮರ್ಯಾದೆಯನ್ನು ಕುಂಪಣಿಯ ಕಚೇರಿಯು ಮಾಡಲಿಲ್ಲ.

ಸಂಗ್ರಹದ ಫಲವು ಬೇಗನೆ ಕಂಡಿತು. ಎಲಿಯಟ್ಟರು 1833ರಲ್ಲಿ ರಜೆಯ ಮೇಲೆ ಸ್ವದೇಶಕ್ಕೆ ಹೊರಟರು. ಈಜಿಪ್ತ, ಪ್ಯಾಲೆಸ್ತೀನಗಳ ದಾರಿಯಾಗಿ ನಾಡು ನೋಡುತ್ತ ಹೋದರು. ಏಷ್ಯಾಟಿಕ್ ಸೊಸಾಯಿಟಿಯ ಪತ್ರಿಕೆಯಲ್ಲಿ ಹಿಂದೂ ಶಾಸನಗಳನ್ನು ಕುರಿತು ಅವರು ಬರೆದ ಪ್ರಬಂಧವು 1837ರ ಸಂಪುಟದಲ್ಲಿ ಅಚ್ಚಾಯಿತು. ಅದಕ್ಕೆ ಮೊದಲು ಕಲ್ಯಾಣದ ಚಾಲುಕ್ಯರು ಯಾರು, ಎಷ್ಟು ತಲೆಮಾರು ಆಳಿದರು ಎಂಬುದು ಕಥೆಗಳ ಮಂಜಿನಲ್ಲಿತ್ತು. ಶಕವರುಷ, ಸಂವತ್ಸರ, ತಿಥಿ, ವಾರಗಳನ್ನು ಹೇಳುವದು ಶಾಸನದ ಪದ್ಧತಿಯಾದುದರಿಂದ, ಅನೇಕ ಶಾಸನಗಳನ್ನು ಒಂದೆಡೆ ಇಟ್ಟು ನೋಡಿದಾಗ ಅರಸರ ಸಾಲು ತಾನಾಗಿ ಜೋಡಿಸಿಕೊಂಡಿತು. ಚಾಲುಕ್ಯರು, ಅವರನ್ನು ಮೆಟ್ಟಿ ಕಲ್ಯಾಣವನ್ನು ಹಿಡಿದ ಕಳಚುರ್ಯರು, ದೇವಗಿರಿಯ ಯಾದವರು, ಹೊಯ್ಸಳರು, ಹೀಗೆ ರಾಜವಂಶಗಳ ಕಾಲಕ್ರಮಕ್ಕೆ ಮೊದಲ ಚೌಕಟ್ಟು ದೊರೆಯಿತು. ಪುರಾಣಗಳಲ್ಲಿಯೂ ಕಾವ್ಯಗಳಲ್ಲಿಯೂ ಕೇಳಿದ್ದ ಬಿಜ್ಜಳನು ಶಕವರುಷವುಳ್ಳ ಅರಸನಾಗಿ ನಿಂತನು. ಬಸವಣ್ಣನವರ ಕಾಲವನ್ನು ಕುರಿತ ಮುಂದಿನ ಚರ್ಚೆಗಳೆಲ್ಲವೂ ಈ ನೆಲಗಟ್ಟಿನ ಮೇಲೆಯೇ ನಡೆದವು. ಫ್ಲೀಟರ ಕನ್ನಡ ಜಿಲ್ಲೆಗಳ ರಾಜವಂಶಗಳ ಗ್ರಂಥವು 1882ರಲ್ಲಿಯೂ, ರೈಸ್ ಸಾಹೇಬರ ಎಪಿಗ್ರಾಫಿಯಾ ಕರ್ನಾಟಿಕಾದ ಮೊದಲ ಸಂಪುಟವು 1886ರಲ್ಲಿಯೂ ಹೊರಟವು. ಆ ದಾರಿಯನ್ನು ಮೊದಲು ಸವೆಸಿದವನು ಕಿತ್ತೂರಿನ ಸೆರೆಯಾಳು.

ಮರಾಠಿಯೇ ಕಚೇರಿಯ ಭಾಷೆಯೂ ಶಾಲೆಯ ಭಾಷೆಯೂ ಆಗಿದ್ದ ಕಾಲದಲ್ಲಿ ಈ ಸೀಮೆಯ ಮಕ್ಕಳಿಗೆ ಕನ್ನಡದ ಶಾಲೆ ಬೇಕೆಂದು ಮೊದಲು ಯತ್ನಿಸಿದ ಅಧಿಕಾರಿಗಳಲ್ಲಿಯೂ ಎಲಿಯಟ್ಟರು ಒಬ್ಬರು. ಆ ಯತ್ನವು ಬೇರೂರಲು ರಸೆಲ್ ಸಾಹೇಬರೂ ಡೆಪ್ಯುಟಿ ಚನ್ನಬಸಪ್ಪನವರೂ ಬರಬೇಕಾಯಿತು.

ಇನ್ನೊಂದು ಸಣ್ಣ ಸಂಗತಿಯನ್ನು ಇಲ್ಲಿ ಬಿಡಲಾಗದು. ಈ ಸೀಮೆಯ ಪ್ರಾಣಿಗಳ ಪಟ್ಟಿಯೊಂದನ್ನು ಅವರು 1839ರಲ್ಲಿ ಮದರಾಸಿನ ಪತ್ರಿಕೆಯಲ್ಲಿ ಪ್ರಕಟಿಸಿದರು. ಒಂದೊಂದು ಪ್ರಾಣಿಗೂ ರೈತರೂ ಬೇಡರೂ ಒಡ್ಡರೂ ಹೇಳುವ ಹೆಸರನ್ನು ಕೇಳಿ ಬರೆದಿದ್ದಾರೆ. ಹೊಲದ ಪೊದೆಗಳಲ್ಲಿ ಬಾಳುವ ಒಂದು ಇಲಿಗೆ ಕನ್ನಡಿಗರು ಗುಲಂದಿ ಎನ್ನುತ್ತಿದ್ದರು. ಆ ಹೆಸರೇ ಪ್ರಾಣಿಶಾಸ್ತ್ರದಲ್ಲಿ ಗೋಲುಂಡಾ ಎಂದು ನಿಂತಿತು, ಅದರ ಬೆನ್ನಿಗೆ ಎಲಿಯಟ್ಟರ ಹೆಸರು ಸೇರಿತು. ಕನ್ನಡದ ಇಲಿಯೂ ಸ್ಕಾಟ್ಲಂಡಿನ ಸಾಹೇಬರೂ ಹೀಗೆ ಒಂದೇ ನಾಮದಲ್ಲಿ ಕೂಡಿಕೊಂಡಿದ್ದಾರೆ. ಡಾರ್ವಿನ್ನನು ಪಾರಿವಾಳಗಳ ತಳಿಗಳನ್ನು ಪರೀಕ್ಷಿಸುತ್ತಿದ್ದಾಗ ಹಿಂದುಸ್ತಾನದಿಂದ ಅವುಗಳ ಚರ್ಮಗಳನ್ನು ಕಳಿಸಿಕೊಟ್ಟವರೂ ಇವರೇ. ಆ ಪಂಡಿತನು ತನ್ನ ಗ್ರಂಥದಲ್ಲಿ ಇವರ ಉಪಕಾರವನ್ನು ಸ್ಮರಿಸಿದ್ದಾನೆ.

ಇಷ್ಟರಲ್ಲಿಯೇ ಚರಿತ್ರೆ ಮುಗಿದಿದ್ದರೆ ವಾದಕ್ಕೆ ಎಡೆಯಿರುತ್ತಿರಲಿಲ್ಲ.

ರಜೆಯಿಂದ ಮರಳಿದ ಮೇಲೆ ಅವರು ಮದರಾಸಿನ ಗವರ್ನರ ಎಲ್ಫಿನ್‌ಸ್ಟನ್ ಪ್ರಭುವಿನ ಆಪ್ತಕಾರ್ಯದರ್ಶಿಯಾದರು. 1845ರಲ್ಲಿ ಗುಂಟೂರು ಸೀಮೆಯ ಕಂದಾಯದ ದುರವಸ್ಥೆಯನ್ನು ವಿಚಾರಿಸಲು ಅವರನ್ನು ಕಳಿಸಿದರು. ಕೃಷ್ಣಾನದಿಯ ದಡದ ಅಮರಾವತಿಯು ಅದೇ ಸೀಮೆಯಲ್ಲಿದೆ. ಅಲ್ಲಿ ಸಾತವಾಹನರ ಕಾಲಕ್ಕೆ ಪೂರ್ಣವೈಭವಕ್ಕೇರಿದ ಬೌದ್ಧರ ಮಹಾಸ್ತೂಪವಿತ್ತು. ಬಿಳಿಯ ಸುಣ್ಣಗಲ್ಲಿನ ಹಲಗೆಗಳ ಮೇಲೆ ಬುದ್ಧನ ಕಥೆಗಳನ್ನು ಕೆತ್ತಿದ್ದರು. ಆ ಕಲ್ಲುಗಳ ದಾನಿಗಳಲ್ಲಿ ವರ್ತಕರೂ ಗೃಹಿಣಿಯರೂ ಭಿಕ್ಷುಣಿಯರೂ ಇದ್ದಾರೆ. ಚರ್ಮಕಾರನೊಬ್ಬನು ತನ್ನ ಕುಟುಂಬದವರೊಡನೆ ಕೊಟ್ಟ ದಾನದ ಬರಹವೂ ಉಂಟು. ಕಾಯಕದ ಗಳಿಕೆಯಿಂದ ಕೊಟ್ಟ ಕಲ್ಲುಗಳವು. ಹದಿನೆಂಟನೆಯ ಶತಮಾನದ ಕೊನೆಗೆ ಅಲ್ಲಿಯ ಜಮೀನ್ದಾರನು ಹೊಸ ಊರನ್ನು ಕಟ್ಟಿಸುವಾಗ ಸ್ತೂಪದ ಕಲ್ಲುಗಳನ್ನು ಬಳಸಿದನು. ಕೆಲವು ಸುಟ್ಟು ಸುಣ್ಣವಾದವು. ಮೆಕೆಂಜಿ ಸಾಹೇಬನು ಅಲ್ಲಿಗೆ ಎರಡು ಸಲ ಹೋಗಿ, 1816ರ ಸುಮಾರಿಗೆ ಚಿತ್ರಗಳನ್ನು ಬರೆಯಿಸಿದ್ದನು.

ಎಲಿಯಟ್ಟರು ಅಲ್ಲಿ ಅಗೆಯಿಸಿದರು; ದೊರೆತ ಕಲ್ಲುಗಳನ್ನು ಮದರಾಸಿಗೆ ಸಾಗಿಸಿದರು. ಆ ಕಲ್ಲುಗಳು ವರುಷಗಳ ಕಾಲ ಬಿಸಿಲುಮಳೆಯಲ್ಲಿ ಬಯಲಿನಲ್ಲಿ ಬಿದ್ದಿದ್ದವು. ಎಲ್ಲಿ ಯಾವ ಕಲ್ಲು ಯಾವುದರ ಪಕ್ಕದಲ್ಲಿತ್ತು ಎಂಬ ಸರಿಯಾದ ಲೆಕ್ಕವು ಉಳಿಯಲಿಲ್ಲ. ಓಲೆಗಳನ್ನು ದಾರದಿಂದ ಬಿಚ್ಚಿ, ಅಂಕಿ ಹಾಕದೆ ಬುಟ್ಟಿಗೆ ತುಂಬಿದಂತೆ ಇದು. 1859ರಲ್ಲಿ ಅವನ್ನು ಹಡಗಿಗೆ ಏರಿಸಿ ಲಂಡನ್ನಿಗೆ ಕಳಿಸಿದರು. ಆಗ ಎಲಿಯಟ್ಟರು ಮದರಾಸಿನ ಗವರ್ನರನ ಆಲೋಚನಾಸಭೆಯ ಸದಸ್ಯರಾಗಿದ್ದರು. ಹಿಂದಿನ ವರುಷ ಗವರ್ನರನಿಗೆ ಕಾಯಿಲೆಯಾದುದರಿಂದ ವಿಕ್ಟೋರಿಯಾ ರಾಣಿಯು ಹಿಂದುಸ್ತಾನದ ಆಡಳಿತವನ್ನು ವಹಿಸಿಕೊಂಡ ಘೋಷಣೆಯನ್ನು ಮದರಾಸಿನಲ್ಲಿ ಸಾರುವ ಹೊಣೆಯೂ ಅವರಿಗೇ ಬಂದಿತ್ತು. ಒಬ್ಬ ರಾಣಿಯು ಬಿಟ್ಟುಕೊಟ್ಟ ಬಂದಿಯು ಇನ್ನೊಬ್ಬ ರಾಣಿಯ ಶಾಸನವನ್ನು ಸಾರಿದನು.

ಲಂಡನ್ನಿನಲ್ಲಿಯೂ ಕಲ್ಲುಗಳಿಗೆ ತತ್‌ಕ್ಷಣ ಗೌರವವೇನೂ ದೊರೆಯಲಿಲ್ಲ. ಇಂಡಿಯಾ ಮ್ಯೂಜಿಯಮ್ಮಿಗೆ ಸೇರಿದ ಗಾಡಿಮನೆಯೊಂದರಲ್ಲಿ ಅವು ಬಿದ್ದಿದ್ದುದನ್ನು ಫರ್ಗ್ಯುಸನ್ನನೆಂಬ ಶಿಲ್ಪಶಾಸ್ತ್ರಜ್ಞನು ಕಂಡು ಲೋಕಕ್ಕೆ ತಿಳಿಸಿದನು. 1880ರ ಸುಮಾರಿಗೆ ಅವು ಬ್ರಿಟಿಷ್ ಮ್ಯೂಜಿಯಮ್ಮನ್ನು ಸೇರಿದವು. ಸುಮಾರು 120 ಕಲ್ಲುಗಳು ಇಂದಿಗೂ ಅಲ್ಲಿವೆ. ಎಲಿಯಟ್ಟರ ಶಿಲೆಗಳೆಂದೇ ಅವಕ್ಕೆ ಬಹುಕಾಲ ಹೆಸರಿತ್ತು. ಒಂದು ಭಾಗವು ಚೆನ್ನೈಯ ವಸ್ತುಸಂಗ್ರಹಾಲಯದಲ್ಲಿದೆ. ಅಮರಾವತಿಯಲ್ಲಿ ಉಳಿದುದು ನೆಲಗಟ್ಟು ಮತ್ತು ಕೆಲವು ತುಂಡುಗಳು.

ಅವರ ಪಕ್ಷದವರು ಹೇಳುವ ಮಾತು ಇದು: ಅಲ್ಲಿಯೇ ಬಿಟ್ಟಿದ್ದರೆ ಸುಣ್ಣದ ಗೂಡಿಗೆ ಹೋಗುತ್ತಿದ್ದವು, ಒಯ್ದುದರಿಂದ ಉಳಿದವು. ಈ ಮಾತಿನಲ್ಲಿ ಹುರುಳಿಲ್ಲವೆನ್ನಲಾಗದು, ಸುಟ್ಟವರು ಆ ಊರಿನವರೇ. ಆದರೆ ಸುಣ್ಣದ ಭಯವು ಕಲ್ಲನ್ನು ಮದರಾಸಿಗೆ ಒಯ್ಯಲು ಕಾರಣವಾದೀತು, ಸಮುದ್ರವನ್ನು ದಾಟಿಸಲು ಕಾರಣವಾಗದು. 1851ರಿಂದ ಮದರಾಸಿನಲ್ಲಿ ಸರಕಾರದ ವಸ್ತುಸಂಗ್ರಹಾಲಯವಿತ್ತು. ಅಲ್ಲಿ ಒಂದು ಮಾಡನ್ನು ಕಟ್ಟಿಸಿದ್ದರೆ ಸಾಕಾಗುತ್ತಿತ್ತು. ಕಾವಲುಗಾರನನ್ನು ಇಡುವ ಅಧಿಕಾರವುಳ್ಳವನು ಕಳ್ಳರ ಭಯದಿಂದ ಭಂಡಾರವನ್ನು ತನ್ನ ಊರಿಗೆ ಸಾಗಿಸಿದೆನೆಂದರೆ ಯಾರೂ ಒಪ್ಪುವದಿಲ್ಲ. ಕನ್ನಡ ನಾಡಿನ ಶಾಸನಗಳ ಕೊನೆಯಲ್ಲಿ ದತ್ತಿಯನ್ನು ಅಪಹರಿಸಿದವನಿಗೆ ತಟ್ಟುವ ಪಾಪಗಳನ್ನು ಹೇಳುವ ಸಾಲುಗಳಿರುತ್ತವೆ. ಆ ಸಾಲುಗಳನ್ನು ನೂರಾರು ಸಲ ಬರೆಯಿಸಿದವರು ಎಲಿಯಟ್ಟರೇ ಆಗಿದ್ದರೆಂಬುದು ಇಲ್ಲಿ ನೆನಪಾಗದೆ ಇರದು.

ಇನ್ನೊಂದು ಪಕ್ಷದವರು ಅವರ ಶಾಸನಸಂಗ್ರಹವನ್ನೂ ಆಳ್ವಿಕೆಯ ಉಪಾಯವೆಂದೇ ಎಣಿಸುತ್ತಾರೆ: ಇನಾಮು ಭೂಮಿಗಳ ದಾಖಲೆಯನ್ನು ತಿಳಿಯುವವನು ಕಂದಾಯವನ್ನು ಹಾಕಲು ಬಲ್ಲನು; ನಾಡನ್ನು ಅರಿಯುವದು ನಾಡನ್ನು ಹಿಡಿಯುವದರ ಅಂಗವೇ. ಸಾಹೇಬನು ಕಲ್ಲನ್ನು ಓದಿಸುತ್ತಾನೆಂದರೆ ಹೊಲದ ಒಡೆಯನು ಸಂಶಯಪಡುವದು ಸಹಜವೇ. ಆದರೆ ಫಲದಿಂದ ಮರವನ್ನು ತಿಳಿಯಬೇಕಾದರೆ, 595 ಶಾಸನಗಳಿಂದ ಸರಕಾರದ ಭಂಡಾರಕ್ಕೆ ಬಂದುದೇನೂ ಕಾಣದು. ಕನ್ನಡಿಗರಿಗೆ ಬಂದುದು ಕಣ್ಣಿಗೆ ಕಾಣುತ್ತದೆ. ಆದಕಾರಣ ಎರಡು ಕೆಲಸಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಿ, ಒಂದರ ಪುಣ್ಯದಿಂದ ಇನ್ನೊಂದರ ಪಾಪವನ್ನು ಕಳೆಯುವದು ನ್ಯಾಯವಲ್ಲ. ಧಾರವಾಡದ ಎಲಿಯಟ್ಟರಿಗೆ ಕನ್ನಡ ನಾಡು ಋಣಿಯಾಗಿದೆ. ಅಮರಾವತಿಯ ಎಲಿಯಟ್ಟರು ಆಂಧ್ರರಿಗೆ ಋಣಿಯಾಗಿದ್ದಾರೆ. ಆ ಋಣವು ತೀರಿಲ್ಲ.

1860ರಲ್ಲಿ ಅವರು ಕೆಲಸದಿಂದ ನಿವೃತ್ತರಾಗಿ ವುಲ್ಫಲೀಗೆ ಹೋದರು. 1866ರಲ್ಲಿ ಸರ್ ಎಂಬ ಪದವಿಯೂ 1878ರಲ್ಲಿ ರಾಯಲ್ ಸೊಸಾಯಿಟಿಯ ಸದಸ್ಯತ್ವವೂ ಬಂದವು. ಮುಪ್ಪಿನಲ್ಲಿ ಕಣ್ಣು ಹೋಯಿತು. ಆ ಸ್ಥಿತಿಯಲ್ಲಿಯೇ, ಪರರ ಕಣ್ಣುಗಳ ಸಹಾಯದಿಂದ, ದಕ್ಷಿಣ ಹಿಂದುಸ್ತಾನದ ನಾಣ್ಯಗಳನ್ನು ಕುರಿತ ಗ್ರಂಥವನ್ನು ಮುಗಿಸಿದರು. ವರಾಹಮುದ್ರೆಯ ಚಿನ್ನದ ನಾಣ್ಯಗಳ ವಿಚಾರವು ಅದರಲ್ಲಿದೆ. ಲಕ್ಷ್ಮೇಶ್ವರದಲ್ಲಿಯೂ ಲಕ್ಕುಂಡಿಯಲ್ಲಿಯೂ ಬರಹದ ಕಲ್ಲುಗಳು ಇಂದಿಗೂ ನಿಂತಿವೆ, ಹೋದವರು ಓದಬಹುದು. 1887ನೆಯ ಇಸವಿ ಮಾರ್ಚ 1ರ ಬೆಳಗ್ಗೆ ಎಲಿಯಟ್ಟರು ತಮಿಳು ಪಂಡಿತರಾದ ಪೋಪ್ ಸಾಹೇಬರಿಗೆ ಆ ಭಾಷೆಯ ವಿಷಯವಾಗಿ ಏನನ್ನೋ ಕೇಳುವ ಕಾಗದವೊಂದನ್ನು ಹೇಳಿ ಬರೆಯಿಸಿ, ತಮ್ಮ ಕೈಯಿಂದ ರುಜು ಹಾಕಿದರು. ಅದೇ ದಿನ ತೀರಿಕೊಂಡರು.